ಗುಂಡನ ಭಾನುವಾರದ ತಪಾಸಣೆ

ನಮ್ಮ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈಗ ನನ್ನ ರೂಮಿನಲ್ಲಿದೆ. ಗುಂಡ ಅದರ ಮೇಲೆ ಹತ್ತಿ ಕೂತ ದಿನವೇ ಅಮ್ಮ ಅದನ್ನು ನನಗೆ ಬಿಟ್ಟುಕೊಟ್ಟರು. "ಇಲಿಗೆ ಏಸಿ ಬೇರೆ, ಈಗ ತಕ್ಕಡೀನೂ ಅದಕ್ಕೇನಾ?" ಅಂತ ಗೊಣಗಿದ್ದೂ ಆಯ್ತು.

ಗುಂಡ ಇಲಿ ಅಲ್ಲ, ಗಂಡು ಚಿಂಚಿಲಾ. ಮೂಲ ಆಂಡಿಸ್ ಪರ್ವತದ ಚಳಿ. 25 ಡಿಗ್ರಿ ದಾಟಿದರೆ ಅವನಿಗೆ ಕಷ್ಟ, ಹಾಗಾಗಿ ಬೆಂಗಳೂರಿನ ಏಪ್ರಿಲ್‌ನಲ್ಲಿ ಏಸಿ ಶೋಕಿಯಲ್ಲ. ಕೂದಲಂತೂ ಎಷ್ಟು ದಟ್ಟ ಅಂದ್ರೆ ಒಂದೇ ಬುಡದಿಂದ 50ಕ್ಕೂ ಹೆಚ್ಚು ಎಳೆ ಬರುತ್ತೆ. ನೀರಲ್ಲಿ ಸ್ನಾನ ಮಾಡಿಸೋ ಹಾಗಿಲ್ಲ, ನುಣ್ಣನೆಯ ಧೂಳಿನಲ್ಲಿ ತಾನೇ ಹೊರಳಾಡ್ತಾನೆ.

ಇಂಥ ಪ್ರಾಣಿಗಳ ದೊಡ್ಡ ತೊಂದರೆ ಏನಂದ್ರೆ, ಹುಷಾರಿಲ್ಲದ್ದನ್ನು ಬಚ್ಚಿಡುತ್ತವೆ. ಕಾಡಿನಲ್ಲಿ ಸೋತಂತೆ ಕಂಡರೆ ಯಾರದ್ದಾದರೂ ಊಟ ಆಗಿಬಿಡಬೇಕಲ್ಲ! ನಮ್ಮ ಆಫೀಸಿನ ಸರ್ವರ್ ಆದರೂ ಕೆಡೋ ಮುಂಚೆ ಒಂದು ಅಲರ್ಟ್ ಕಳಿಸುತ್ತೆ. ಗುಂಡನ ಅಲರ್ಟ್ ಅಂದ್ರೆ ತೂಕ ಮಾತ್ರ.

ಕಳೆದ ಫೆಬ್ರವರಿಯಲ್ಲಿ 540 ಗ್ರಾಂ ಇದ್ದವನು ಎರಡೇ ವಾರದಲ್ಲಿ 505ಕ್ಕೆ ಇಳಿದ. ಹಲ್ಲು ನೋಡಿದೆ, ಕಿತ್ತಳೆ ಬಣ್ಣ, ಸರಿಯಾಗೇ ಇತ್ತು. (ಚಿಂಚಿಲಾ ಹಲ್ಲು ಬೆಳ್ಳಗಾದರೆ ಖುಷಿಪಡಬೇಡಿ, ಏನೋ ಕೊರತೆ ಇದೆ ಅಂತ ಅರ್ಥ.) ಕಣ್ಣಲ್ಲಿ ನೀರಿಲ್ಲ, ಪಾದದಲ್ಲಿ ಹುಣ್ಣಿಲ್ಲ. ಆದರೆ ಪದೇ ಪದೇ ಬಗ್ಗಿ ಕೆಳಗೆ ನೆಕ್ಕಿಕೊಳ್ಳುತ್ತಿದ್ದ. ಅದೊಂದು ಜಾಗ ನಾನು ಯಾವತ್ತೂ ನೋಡಿರಲಿಲ್ಲ. ಸಂಕೋಚ, ಇನ್ನೇನು.

ಡಾಕ್ಟರು ಮೊದಲು ನೋಡಿದ್ದೇ ಅದನ್ನು. ಶಿಶ್ನದ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಒಳಗೆ ಉದುರಿದ ಕೂದಲು ಸುತ್ತಿಕೊಂಡು ಉಂಗುರವೇ ಆಗಿತ್ತು! ನೀರಲ್ಲಿ ಕರಗೋ ಜೆಲ್ ಹಚ್ಚಿ, ನಿಧಾನವಾಗಿ ಬಿಡಿಸಿ ತೆಗೆದರು. "ಇನ್ನೂ ಬಿಗಿಯಾಗಿದ್ರೆ ಊದಿಕೊಂಡು ಮೂತ್ರಾನೇ ನಿಂತುಹೋಗ್ತಿತ್ತು" ಅಂದರು. ಜೊತೆಗೆ ಹೆಣ್ಣಿಲ್ಲದ ಒಂಟಿ ಗಂಡಿಗೂ ಇದು ಬರುತ್ತಂತೆ. ಸಾಕಲು ತಂದಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಸಂಕೋಚ ಬಿಟ್ಟು ಇಲ್ಲಿ ಬರೀತಿದ್ದೀನಿ.

ಈಗ ಪ್ರತಿ ಭಾನುವಾರ ತೂಕ, ಹದಿನೈದು ದಿನಕ್ಕೊಮ್ಮೆ ಈ ತಪಾಸಣೆ. ತಂಗಿ ಅವನನ್ನು ಎದೆಗೆ ಒರಗಿಸಿ, ಹಿಂಗಾಲಿಗೆ ಕೈ ಆಸರೆ ಕೊಟ್ಟು ಹಿಡೀತಾಳೆ. ಕೂದಲು ಹಿಡಿದು ಎತ್ತಿದರೆ ಹೆದರಿಕೆಗೆ ಕೂದಲು ಗೊಂಚಲಾಗಿ ಕೈಗೇ ಬಂದುಬಿಡುತ್ತೆ, ಹುಷಾರು. ಕೈ ಚೆನ್ನಾಗಿ ತೊಳೆದು ನಾನು ನೋಡ್ತೀನಿ, ಅರ್ಧ ನಿಮಿಷದ ಕೆಲಸ. ಕೂದಲು ಸಡಿಲವಾಗಿದ್ದರೆ ಜೆಲ್ ಸಾಕು. ಬಿಗಿಯಾಗಿದ್ದರೆ, ಊದಿದ್ದರೆ, ಎಳೆಯೋದು, ಕತ್ತರಿ ಹಾಕೋದು ಯಾವುದೂ ಬೇಡ, ಆವತ್ತೇ ಡಾಕ್ಟರ ಹತ್ತಿರ ಹೋಗಿ. ಇಡೀ ದಿನ ಏನೂ ತಿನ್ನದೇ ಇದ್ದರೂ ಅಷ್ಟೇ, ನಾಳೆಗೆ ಬಿಡಬೇಡಿ.

ಹೋದ ಭಾನುವಾರ 548 ಗ್ರಾಂ. ಬರೆದುಕೊಳ್ಳುತ್ತಿದ್ದಾಗ ಅಡುಗೆಮನೆಯಿಂದಲೇ ಅಮ್ಮ ಕೂಗಿದರು, "ತೂಕ ಇರ್ಲಿ, ಅದನ್ನ ನೋಡಿದ್ಯೇನೋ?"