ನಮ್ಮ ಎಮ್ಮೆ ಮೇಯುವಾಗ

ಎದುರು ಪಕ್ಷದವರನ್ನು ಬೈಯೋಕೆ ಧೈರ್ಯ ಬೇಕಾಗಿಲ್ಲ, ಇಂಟರ್ನೆಟ್ ಇದ್ದರೆ ಸಾಕು. ಪ್ರಜಾಪ್ರಭುತ್ವ ಉಳಿಯೋದು ಮಾತ್ರ ಸ್ವಂತ ಪಕ್ಷಕ್ಕೆ ‘ಆಗಲ್ಲ’ ಅನ್ನುವವರಿಂದ.

2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಬಂದು ಸೇನಾಡಳಿತ ಘೋಷಿಸಿದರು. ಸಂಸತ್ತಿನ ಸುತ್ತ ಪೊಲೀಸರು, ಒಳಗೆ ಸೈನಿಕರು. ಆದರೂ ಹೇಗೋ ಒಳಹೊಕ್ಕ ಸಂಸದರು ಮೂರು ಗಂಟೆಯೊಳಗೆ 190-0 ಮತಗಳಿಂದ ಅದನ್ನು ರದ್ದುಮಾಡಿ ಅಂದರು. ಕೆಲವರು ಬೇಲಿ ಹಾರಿದ ವಿಡಿಯೊವನ್ನು ನಾವೆಲ್ಲ ನೋಡಿದ್ವಿ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ, ಆ 190ರಲ್ಲಿ 18 ಜನ ಅಧ್ಯಕ್ಷರ ಪಕ್ಷದವರೇ.

‘ವಿರೋಧ ಪಕ್ಷಗಳಿಗೇ ಬಹುಮತ ಇತ್ತಲ್ಲ, ಈ 18 ಜನ ಯಾಕೆ ಬೇಕಿತ್ತು?’ ಅನ್ನಬಹುದು. ಮುಂದಿನ ಲೆಕ್ಕ ನೋಡಿ. ಅಧ್ಯಕ್ಷರ ವಾಗ್ದಂಡನೆಗೆ 300ರಲ್ಲಿ 200 ಮತ ಬೇಕು. ವಿರೋಧಿಗಳ ಬಳಿ ಇದ್ದದ್ದು 192. ಡಿಸೆಂಬರ್ 7ರಂದು ಆಡಳಿತ ಪಕ್ಷದ ಬಹುತೇಕರು ಎದ್ದು ಹೋದರು, ನಿರ್ಣಯ ಬಿತ್ತು. 14ರಂದು ಮತ್ತೆ ಮತದಾನ: 204! ಅಂದರೆ ಆಡಳಿತ ಪಕ್ಷದ ಕನಿಷ್ಠ 12 ಜನ ತಮ್ಮದೇ ನಾಯಕನ ವಿರುದ್ಧ ಮತ ಹಾಕಿದರು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಯೂನ್ ಅವರನ್ನು ಮನೆಗೆ ಕಳಿಸಿತು. ಸಂವಿಧಾನ ತಾನಾಗೇ ಓಡೋ ಸಾಫ್ಟ್‌ವೇರ್ ಅಲ್ಲ ಸ್ವಾಮಿ, ಯಾರಾದರೂ ಬಟನ್ ಒತ್ತಲೇಬೇಕು.

ನಮ್ಮಲ್ಲೂ ಅಂಥವರಿದ್ದರು. 1975ರಲ್ಲಿ ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿದಾಗ ಜೈಲಿಗೆ ಹೋದವರಲ್ಲಿ ಕಾಂಗ್ರೆಸ್ಸಿನವರೇ ಆಗಿದ್ದ ಚಂದ್ರಶೇಖರ್ ಒಬ್ಬರು. ಇವತ್ತು? 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಹೋಗಲಿ, ಪಕ್ಷಾಂತರವಾದರೂ ನಿಂತಿತಾ? 2019ರಲ್ಲಿ ಕರ್ನಾಟಕದಲ್ಲಿ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು, ಅವರಲ್ಲಿ ಹೆಚ್ಚಿನವರು ಅದೇ ವರ್ಷ ಇನ್ನೊಂದು ಪಕ್ಷದಿಂದ ಗೆದ್ದು ಬಂದರು. ಪಕ್ಷ ಬಿಡೋರಿಗೆ ದಾರಿ ಇದೆ. ಪಕ್ಷದಲ್ಲಿದ್ದೇ ‘ಇದು ತಪ್ಪು’ ಅಂತ ಮತ ಹಾಕೋರಿಗೆ ಇಲ್ಲ. ವಿಪ್ ಅನ್ನೋದು ವಿಶ್ವಾಸಮತಕ್ಕೆ, ಬಜೆಟ್ಟಿಗೆ ಇರಲಿ. ಉಳಿದ ಮಸೂದೆಗಳಿಗೆ ನಮ್ಮ ಸಂಸದ ತನ್ನ ತಲೆ ಉಪಯೋಗಿಸಲಿ.

ಆದರೆ ಮತದಾರರಾದ ನಮಗೆ ಯಾವ ವಿಪ್ ಇದೆ? ಪಕ್ಕದವರ ಎಮ್ಮೆ ನಮ್ಮ ಹೊಲಕ್ಕೆ ನುಗ್ಗಿದರೆ ಕೋಲು ಹಿಡಿದು ಓಡ್ತೀವಿ. ನಮ್ಮದು ಪಕ್ಕದವರ ಪೈರು ಮೇಯ್ತಿದ್ರೆ ‘ಪಾಪ, ಮೂಕಪ್ರಾಣಿ’! ನಾವು ಮತ ಹಾಕಿದ ಸರ್ಕಾರ ಯಾರನ್ನೋ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಜೈಲಲ್ಲಿಟ್ಟರೆ ‘ಅವರ ಕಾಲದಲ್ಲಿ ಆಗಿರಲಿಲ್ವಾ?’ ಅಂತ ವಾಟ್ಸಾಪಲ್ಲಿ ಟೈಪ್ ಮಾಡ್ತೀವಿ. ಸರ್ವಾಧಿಕಾರಿಗೆ ಭಕ್ತರೇ ಬೇಕಂತಿಲ್ಲ, ಈ ಒಂದು ಸಾಲು ಟೈಪ್ ಮಾಡೋರು ಸಾಕು.