ಮದ್ದಿಗೂ ನಿಧಾನವೇ ಪ್ರಧಾನ

ಶೂಟಿಂಗ್ ಕ್ರೀಡೆಯೆಂದರೆ ನಮ್ಮ ಕಣ್ಣೆದುರು ಬರುವುದು ಒಲಿಂಪಿಕ್ಸ್‌ನ ಗಂಭೀರ ಮೌನ. 2008ರಲ್ಲಿ ಅಭಿನವ್ ಬಿಂದ್ರಾ, 2024ರಲ್ಲಿ ಮನು ಭಾಕರ್ ಪದಕ ಗೆದ್ದದ್ದು ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಸೀಸದ ಗುಂಡಿನಿಂದ. 2012ರಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಬಳಸಿದ್ದು ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುವ .22 ತೋಟಾ. ಯಾವ ಮದ್ದು, ಎಷ್ಟು ಮದ್ದು ಎಂಬ ಪ್ರಶ್ನೆ ಇವರಾರನ್ನೂ ಕಾಡುವುದಿಲ್ಲ. ಆದರೆ ಅಮೆರಿಕದಲ್ಲಿ ‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಇನ್ನೊಂದು ಸ್ಪರ್ಧೆಯಿದೆ. ಅಲ್ಲಿ ಸ್ಪರ್ಧಿ ಓಡುತ್ತಾನೆ, ಬಾಗುತ್ತಾನೆ, ಮರೆಯಿಂದ ಮರೆಗೆ ಸರಿಯುತ್ತಾ ಪಿಸ್ತೂಲು ಹಾರಿಸುತ್ತಾನೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸಿ ಗೆಲುವನ್ನು ನಿರ್ಧರಿಸುತ್ತಾರೆ. ಅಲ್ಲಿನ ಬಹುಪಾಲು ಗಂಭೀರ ಸ್ಪರ್ಧಿಗಳು ಖಾಲಿ ಹಿತ್ತಾಳೆಯ ಕೋಶಗಳನ್ನು ಆಯ್ದು ತಂದು, ಮನೆಯ ಮೇಜಿನ ಮೇಲೆ ತಾವೇ ಮದ್ದು ತುಂಬಿಕೊಳ್ಳುತ್ತಾರೆ. ಯಾವ ಮದ್ದು ಸರಿ ಎಂಬ ಚರ್ಚೆ ಅವರಲ್ಲಿ ಎಂದೂ ಮುಗಿಯದು.

ನನ್ನ ದೃಷ್ಟಿಯಲ್ಲಿ ಈ ಚರ್ಚೆಗೆ ಉತ್ತರ ಸ್ಪಷ್ಟವಾಗಿಯೇ ಇದೆ. ಪಿಸ್ತೂಲಿನ ಮೂತಿಗೆ ಅನಿಲವನ್ನು ಮೇಲಕ್ಕೆ ಚಿಮ್ಮಿಸುವ ‘ಕಾಂಪೆನ್ಸೇಟರ್’ ಅಳವಡಿಸಿಕೊಂಡವರಿಗೆ ನಿಧಾನವಾಗಿ ಉರಿಯುವ ಮದ್ದೇ ಸೂಕ್ತ. ಆದರೆ ಆ ಆಯ್ಕೆಯನ್ನು ಅನಿವಾರ್ಯವಾಗಿಸಿರುವ ನಿಯಮ ಮಾತ್ರ ಕಾಲಬಾಹಿರವಾಗಿದೆ; ಅಪಾಯಕಾರಿಯೂ ಆಗಿದೆ.

ಮೊದಲು ಮದ್ದಿನ ಮಾತು. ‘ನಿಧಾನ’ ಎಂಬುದು ಇಲ್ಲಿ ಸಾಪೇಕ್ಷ ಪದ. ಐದಂಗುಲದ ನಳಿಗೆಯನ್ನು ಗುಂಡು ದಾಟಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಿಲ್ಲ. ಆ ಕ್ಷಣಾಂಶದೊಳಗೆ ಮದ್ದು ಹೇಗೆ ಉರಿಯುತ್ತದೆ ಎಂಬುದೇ ಪ್ರಶ್ನೆ. 19ನೆಯ ಶತಮಾನದ ಅಂತ್ಯದಲ್ಲಿ ಬಳಕೆಗೆ ಬಂದ ‘ಬುಲ್ಸ್‌ಐ’ಯಂಥ ಚುರುಕು ಮದ್ದು ಗುಂಡು ಇನ್ನೂ ಕದಲುತ್ತಿರುವಾಗಲೇ ಬಹುತೇಕ ಉರಿದು ಮುಗಿಯುತ್ತದೆ. ಒತ್ತಡ ಥಟ್ಟನೆ ಶಿಖರಕ್ಕೇರಿ ಅಷ್ಟೇ ಬೇಗ ಇಳಿಯುತ್ತದೆ. ‘ಎಚ್‌ಎಸ್-6’ರಂಥ ನಿಧಾನದ ಮದ್ದಿನಲ್ಲಿ ಕಣದ ಗಾತ್ರ, ಆಕಾರ ಮತ್ತು ಮೇಲಿನ ರಾಸಾಯನಿಕ ಲೇಪನ ಉರಿಯನ್ನು ಹಿಡಿದಿಡುತ್ತವೆ. ಶಿಖರ ತಗ್ಗುತ್ತದೆ, ಒತ್ತಡ ಹೆಚ್ಚು ಹೊತ್ತು ಗುಂಡನ್ನು ತಳ್ಳುತ್ತದೆ. ಅದೇ ವೇಗ ಸಾಧಿಸಲು ಹೆಚ್ಚು ತೂಕದ ಮದ್ದು ಬೇಕು. ಹೆಚ್ಚು ಮದ್ದೆಂದರೆ ಹೆಚ್ಚು ಅನಿಲ. ಗುಂಡು ಮೂತಿ ತಲುಪಿದಾಗಲೂ ಅದರ ಬೆನ್ನಿಗೆ ಸಾಕಷ್ಟು ಒತ್ತಡ ಉಳಿದಿರುತ್ತದೆ.

ಕಾಂಪೆನ್ಸೇಟರಿಗೆ ಬೇಕಾದದ್ದು ಈ ಅನಿಲವೇ. ಅದು ಮೇಲ್ಮುಖವಾಗಿ ಚಿಮ್ಮಿದಾಗ ಮೂತಿ ಕೆಳಕ್ಕೆ ಒತ್ತಲ್ಪಡುತ್ತದೆ, ಮರುಗುಂಡಿಗೆ ಗುರಿ ಬೇಗ ಸಿಗುತ್ತದೆ. ಚುರುಕು ಮದ್ದು ತುಂಬಿದರೆ ದುಬಾರಿ ಕಾಂಪೆನ್ಸೇಟರ್ ಅಲಂಕಾರದ ವಸ್ತುವಾಗಿ ಉಳಿಯುತ್ತದೆ. ಕಾಂಪೆನ್ಸೇಟರ್ ಇಲ್ಲದ ಸಾಧಾರಣ ಪಿಸ್ತೂಲಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ಹೆಚ್ಚುವರಿ ಅನಿಲ ಕೈಗೆ ಬೀಳುವ ಒದೆತವನ್ನು ಹೆಚ್ಚಿಸುತ್ತದೆಯಷ್ಟೆ. ಸದ್ದು ಮತ್ತು ಬೆಂಕಿಯ ಮಿಂಚು ಪ್ರತ್ಯೇಕ. ಯಾರೋ ಗೆದ್ದವರು ಬಳಸಿದರೆಂದು ಅದೇ ಡಬ್ಬಿಯನ್ನು ಕೊಂಡು ತರುವವರು ಇದನ್ನು ಮರೆಯುತ್ತಾರೆ.

ಅಂಕಗಳಿಗಿಂತ ಮುಖ್ಯವಾದ ಸಂಗತಿ ಸುರಕ್ಷತೆ. ಚುರುಕು ಮದ್ದಿನ ಪ್ರಮಾಣ ಎಷ್ಟು ಅಲ್ಪವೆಂದರೆ, ಕೈತಪ್ಪಿ ಎರಡು ಬಾರಿ ಸುರಿದರೂ ಅದು ಕೋಶದೊಳಗೆ ಸದ್ದಿಲ್ಲದೆ ಕುಳಿತುಬಿಡಬಹುದು. ಮೇಲೆ ಗುಂಡನ್ನು ಕೂರಿಸಿದ ಮೇಲೆ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದು ತಿಳಿಯುವುದು ಪಿಸ್ತೂಲು ಸಿಡಿದಾಗ, ಕೆಲವೊಮ್ಮೆ ಬೆರಳೋ ಕಣ್ಣೋ ಹೋದಾಗ. ನಿಧಾನದ ಮದ್ದು ಕೋಶವನ್ನು ಬಹುತೇಕ ತುಂಬಿಬಿಡುತ್ತದೆ, ಎರಡನೆಯ ಸಲ ಸುರಿದರೆ ಹೊರಚೆಲ್ಲುತ್ತದೆ. ‘ನಿಧಾನವೇ ಪ್ರಧಾನ’ ಎಂದು ನಮ್ಮ ಹಿರಿಯರು ಮದ್ದನ್ನು ನೆನೆದು ಹೇಳಿರಲಾರರು. ಆದರೂ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ.

ಇನ್ನು ನಿಯಮ. ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1976ರಲ್ಲಿ, ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ಅದರ ಮೊದಲ ಅಧ್ಯಕ್ಷ ಜೆಫ್ ಕೂಪರ್ ಮಾಜಿ ಸೇನಾಧಿಕಾರಿ, .45 ಪಿಸ್ತೂಲಿನ ಕಟ್ಟಾ ಅಭಿಮಾನಿ. ನಿಖರತೆ ಮತ್ತು ವೇಗದ ಜೊತೆಗೆ ಬಲಕ್ಕೂ ಬೆಲೆ ಸಿಗಬೇಕು, ಹಗುರ ತೋಟಾ ಹಾರಿಸಿ ಗೆಲ್ಲುವುದು ನ್ಯಾಯವಲ್ಲ ಎಂಬುದು ಆ ಕಾಲದ ನಂಬಿಕೆ. ಅದರ ಫಲವೇ ‘ಪವರ್ ಫ್ಯಾಕ್ಟರ್’. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ಹಿಡಿದು ಗುಣಿಸಿ ಸಾವಿರದಿಂದ ಭಾಗಿಸುವುದು. ಅಮೆರಿಕದ ಸಂಘಟನೆಯಾದ ಯುಎಸ್‌ಪಿಎಸ್‌ಎಯಲ್ಲಿ 165 ಮುಟ್ಟಿದರೆ ‘ಮೇಜರ್’, 125 ಮುಟ್ಟಿದರೆ ‘ಮೈನರ್’. ಗುರಿಯ ನಟ್ಟನಡುವೆ ಬಿದ್ದರೆ ಇಬ್ಬರಿಗೂ ಐದಂಕ. ತುಸು ಆಚೆ ಬಿದ್ದರೆ ಮೇಜರ್‌ಗೆ ನಾಲ್ಕು, ಮೈನರ್‌ಗೆ ಮೂರು.

ಅವಸರದ ಆಟದಲ್ಲಿ ಈ ಒಂದು ಅಂಕ ಸಣ್ಣದಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ರಾಬ್ ಲೇಥಮ್, ಬ್ರಯಾನ್ ಎನೋಸ್‌ರಂಥವರು .45ನ್ನು ಬಿಟ್ಟು .38 ಸೂಪರ್ ತೋಟಾ, ಕಾಂಪೆನ್ಸೇಟರ್ ಹಿಡಿದದ್ದು ಈ ಲೆಕ್ಕಾಚಾರದಿಂದಲೇ. ವಿಪರ್ಯಾಸ ನೋಡಿ: ಒದೆತವನ್ನು ಸಹಿಸಲಿ ಎಂದು ನಿಯಮ ಮಾಡಿದರು, ಸ್ಪರ್ಧಿಗಳು ಆ ನಿಯಮ ಬೇಡಿದ ಹೆಚ್ಚುವರಿ ಮದ್ದಿನ ಅನಿಲದಿಂದಲೇ ಒದೆತವನ್ನು ಹತ್ತಿಕ್ಕಿದರು. ಕೂಪರ್ ಕಲ್ಪಿಸಿದ ಪರೀಕ್ಷೆ ಅಲ್ಲಿಗೇ ಮುಗಿಯಿತು. ನಿಯಮ ಉಳಿಯಿತು.

.38 ಸೂಪರ್‌ನ ಹಿತ್ತಾಳೆ ದುಬಾರಿ, 9 ಮಿ.ಮೀ. ಹಿತ್ತಾಳೆ ನೆಲದ ಮೇಲೆ ಬಿದ್ದು ಸಿಗುತ್ತದೆ. ಹೀಗಾಗಿ ಇಂದು ಅನೇಕರು 9 ಮಿ.ಮೀ. ತೋಟಾವನ್ನೇ ಮೇಜರ್ ಮಟ್ಟಕ್ಕೆ ಏರಿಸುತ್ತಾರೆ. ಸುಮಾರು ಎಂಟು ಗ್ರಾಮಿನ, ಅಂದರೆ 124 ಗ್ರೇನ್‌ನ ಗುಂಡಿಗೆ ಮೈನರ್ ಆಗಲು ಸೆಕೆಂಡಿಗೆ 1,009 ಅಡಿ ಸಾಕು, ಮೇಜರ್ ಆಗಲು 1,331 ಅಡಿ ಬೇಕು. .38 ಸೂಪರ್‌ನ ಕೋಶದ ಉದ್ದ ಸುಮಾರು 23 ಮಿ.ಮೀ., ಇದರದ್ದು 19. ಈ ತೋಟಾಕ್ಕೆ ಅಮೆರಿಕದ ಉದ್ಯಮ ಒಪ್ಪಿರುವ ಸಾಮಾನ್ಯ ಒತ್ತಡದ ಮಿತಿ ಚದರ ಅಂಗುಲಕ್ಕೆ 35,000 ಪೌಂಡ್. ಆ ಅಂಚನ್ನು ಮುಟ್ಟದೆ, ಬಹಳಷ್ಟು ಸಲ ದಾಟದೆ, ಈ ವೇಗ ದಕ್ಕುವುದು ಕಷ್ಟ. ನಿಧಾನದ ಮದ್ದು ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಇದರ ಮೇಲೆ ಅಭಾವದ ಬರೆ ಬೇರೆ. ಹೊಗೆರಹಿತ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್. ಫಿರಂಗಿಗಳಿಗೂ ಅದೇ ಬೇಕು. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾದ ಪೂರ್ಣಪ್ರಮಾಣದ ದಾಳಿ ಆರಂಭವಾದ ನಂತರ ಅದರ ಬೇಡಿಕೆ ಏರಿತು. 2024ರ ಆರಂಭದಲ್ಲಿ ಅಮೆರಿಕದ ಅಲಯಂಟ್ ಕಂಪನಿ ಈ ಕೊರತೆಯ ಕಾರಣ ನೀಡಿ ಮದ್ದಿನ ರವಾನೆಯನ್ನೇ ಸ್ಥಗಿತಗೊಳಿಸಿತು. ಬೇಕಾದ ಮದ್ದು ಸಿಗದಾಗ ಸಿಕ್ಕಿದ ಮದ್ದನ್ನು ಹೊಂದಿಸಿಕೊಳ್ಳುವ ಆಸೆ ಸಹಜ. ಉರಿವೇಗದ ಪಟ್ಟಿಯಲ್ಲಿ ಅಕ್ಕಪಕ್ಕ ಇವೆಯೆಂದು ಒಂದರ ಬದಲು ಇನ್ನೊಂದನ್ನು ಅದೇ ತೂಕದಲ್ಲಿ ತುಂಬುವವರಿದ್ದಾರೆ. ಆ ಪಟ್ಟಿ ಹೇಳುವುದು ಕ್ರಮವನ್ನು ಮಾತ್ರ. ಎರಡರ ನಡುವಿನ ಅಂತರ ಎಷ್ಟೆಂದು ಅದು ಹೇಳುವುದಿಲ್ಲ. ಒಬ್ಬ ತಯಾರಕನ ಪಟ್ಟಿ ಇನ್ನೊಬ್ಬನದಕ್ಕೆ ತಾಳೆಯೂ ಆಗುವುದಿಲ್ಲ. ತಯಾರಕರು ಆಯಾ ಮದ್ದಿಗೆಂದೇ ಪರೀಕ್ಷಿಸಿ ಪ್ರಕಟಿಸಿದ ಕೈಪಿಡಿಯ ಹೊರಗೆ ಕಾಲಿಡುವುದು ಜೂಜು.

ಬಲ ತಗ್ಗಿಸಿದರೆ ಆಟ ಸಪ್ಪೆಯಾದೀತು ಎಂಬ ವಾದವಿದೆ. ಅದೇ ಸಂಘಟನೆಯ ‘ಪ್ರೊಡಕ್ಷನ್’, ‘ಕ್ಯಾರಿ ಆಪ್ಟಿಕ್ಸ್’ ವಿಭಾಗಗಳಲ್ಲಿ ಎಲ್ಲರಿಗೂ ಮೈನರ್ ಅಂಕವೇ. ಅಲ್ಲಿನ ಪೈಪೋಟಿಗೆ ಏನೂ ಊನವಾಗಿಲ್ಲ. ಒಲಿಂಪಿಕ್ಸ್‌ನ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲೂ 2005ರಲ್ಲಿ .22 ಶಾರ್ಟ್ ತೋಟಾವನ್ನು ಕೈಬಿಟ್ಟು ಲಾಂಗ್ ರೈಫಲ್ ತೋಟಾವನ್ನು ಕಡ್ಡಾಯಗೊಳಿಸಿದರು. ಹಳೆಯ ಪಿಸ್ತೂಲುಗಳು ಮೂಲೆ ಸೇರಿದವು, ಗೊಣಗಾಟವೂ ಆಯಿತು, ಸ್ಪರ್ಧೆ ನಿಲ್ಲಲಿಲ್ಲ. ಏಳು ವರ್ಷಗಳ ನಂತರ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಆ ಹೊಸ ನಿಯಮದಡಿಯಲ್ಲೇ.

ಕಾಂಪೆನ್ಸೇಟರ್ ಬಳಸುವ ‘ಓಪನ್’ ವಿಭಾಗದಲ್ಲೂ ಎಲ್ಲರಿಗೂ ಒಂದೇ ಅಂಕಪದ್ಧತಿ ತರಬೇಕು, 165ರ ಗೆರೆಯನ್ನು ಅಳಿಸಬೇಕು. ಈಗ ದೊಡ್ಡ ಪಂದ್ಯಗಳಲ್ಲಿ ಅಧಿಕಾರಿಗಳು ಸ್ಪರ್ಧಿಯಿಂದ ಎಂಟು ತೋಟಾ ಪಡೆದು, ಗುಂಡನ್ನು ತೂಗಿ, ಕೆಲವನ್ನು ಹಾರಿಸಿ ವೇಗ ಅಳೆಯುತ್ತಾರೆ. 164 ಬಂದರೆ ಅಂಕ ಕಡಿತ. 175 ಬಂದರೆ ಯಾರೂ ಏನೂ ಕೇಳುವುದಿಲ್ಲ. ಕೋಶದೊಳಗಿನ ಒತ್ತಡವನ್ನು ಅಳೆಯುವ ಉಪಕರಣವಂತೂ ಆ ಮೇಜಿನ ಮೇಲೆ ಇರುವುದೇ ಇಲ್ಲ.