ನಕ್ಷತ್ರ ಎಣಿಸಿ ಉಣ್ಣುವವರಿಗೆ

ಕಳೆದ ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದಿದ್ದ ನನ್ನ ಮಗ ಒಂದು ಕ್ಯಾರವಾನನ್ನು ಬಾಡಿಗೆಗೆ ಹಿಡಿದ. ಅಲ್ಲಿ ಇಂಥ ಗಾಲಿಯ ಮನೆಗಳಲ್ಲಿ ಸಂಸಾರ ಸಮೇತ ಊರೂರು ಸುತ್ತುವುದು ಅವನಿಗೆ ರೂಢಿ. ಈಚಿನ ವರ್ಷಗಳಲ್ಲಿ ಅವು ಬೆಂಗಳೂರಿನಲ್ಲಿಯೂ ಬಾಡಿಗೆಗೆ ದೊರೆಯುತ್ತಿವೆ. ಹಾಸಿಗೆ, ಪುಟ್ಟ ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಅದರೊಳಗೇ ಇದ್ದವು. ಹಲಸೂರಿನ ನಮ್ಮ ಬೀದಿಗೆ ನುಗ್ಗಲಾರದೆ ಅದು ಹಳೆ ಮದರಾಸು ರಸ್ತೆಯಲ್ಲಿಯೇ ನಿಂತಿತು. ನಾವು ಚೀಲ ಹೊತ್ತು ಅಲ್ಲಿಗೇ ನಡೆದೆವು. ಕೆ.ಆರ್. ಪುರ, ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲಿನ ಸುತ್ತಲಿನ ಕುರುಡುಮಲೆ, ಆವನಿಗಳನ್ನು ನೋಡಿ, ಒಂದು ರಾತ್ರಿ ತಂಗಿ ಹಿಂದಿರುಗುವುದೆಂದು ನಿಶ್ಚಯವಾಗಿತ್ತು.

ಹಸಿವಾದಾಗ ಮಗ ಫೋನು ತೆಗೆದ. "ಅಪ್ಪಾ, ಇಲ್ಲೊಂದು ಹೋಟೆಲಿಗೆ ನಾಲ್ಕೂವರೆ ಸ್ಟಾರ್ ಇದೆ. ಗಾಡಿ ನಿಲ್ಲಿಸೋಕೆ ಜಾಗಾನೂ ಇದೆ" ಎಂದ. ಹೆದ್ದಾರಿಯ ಪಕ್ಕದ ಆ ಭವನದ ಹೆಸರು ಇಲ್ಲಿ ಬೇಡ. ಅಂಥವು ನಾಡಿನ ಹೆದ್ದಾರಿಗಳ ತುಂಬ ಇವೆ. ಆರು ಪುಟದ ಪಟ್ಟಿ. ಅದರಲ್ಲಿ ನೂಡಲ್ಸ್, ಪಾವ್ ಭಾಜಿ, ಪನೀರಿನ ಹತ್ತು ಅವತಾರಗಳು, ನಡುವೆ ಎಲ್ಲೋ "ಮುಳಬಾಗಿಲು ದೋಸೆ". ತರಿಸಿದೆವು. ಮಾಮೂಲು ಮಸಾಲೆ ದೋಸೆಯನ್ನೇ ಸಣ್ಣದಾಗಿ ಹುಯ್ದು, ಮೇಲೊಂದು ಬೆಣ್ಣೆಯ ಬಿಲ್ಲೆ ಇಟ್ಟಿದ್ದರು. ಬರುವಷ್ಟರಲ್ಲಿ ಅದು ಆರಿ ತೊಗಲಿನಂತಾಗಿತ್ತು. ಎಂಟು ವರ್ಷದ ಮೊಮ್ಮಗಳು ಒಂದು ತುಂಡು ಅಗಿದು, "ತಾತ, ನೀವು ಹೇಳ್ತಿದ್ದ ಮುಳಬಾಗಿಲು ದೋಸೆ ಇದೇನಾ?" ಎಂದು ಕೇಳಿದಳು.

ನನಗೆ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಈ ಲೇಖನ ಹುಟ್ಟಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ವಾದ ಇಷ್ಟೇ: ಫೋನಿನ ನಕ್ಷತ್ರಗಳನ್ನು ನಂಬಿ ಉಣ್ಣುವ ಪ್ರವಾಸಿಗಳು ತಮ್ಮ ಊಟವನ್ನು ಮಾತ್ರ ಕೆಡಿಸಿಕೊಳ್ಳುತ್ತಿಲ್ಲ, ಊರುಗಳ ಊಟವನ್ನೂ ಕೆಡಿಸುತ್ತಿದ್ದಾರೆ.

ಮೂವತ್ತಮೂರು ವರ್ಷ ಅಂಕ ಹಾಕುವುದೇ ನನ್ನ ಕಸುಬಾಗಿತ್ತು. ಆದ್ದರಿಂದ ಅಂಕಗಳ ಬಗ್ಗೆ ಮಾತನಾಡುವ ಅಧಿಕಾರ ನನಗೆ ತುಸು ಇದೆಯೆಂದು ತಿಳಿದಿದ್ದೇನೆ. ಕನ್ನಡದಲ್ಲಿ 90, ಗಣಿತದಲ್ಲಿ 30 ಪಡೆದ ಹುಡುಗನ ಸರಾಸರಿ 60. ಆ 60ರಿಂದ ಅವನ ಕನ್ನಡವೂ ತಿಳಿಯದು, ಗಣಿತವೂ ತಿಳಿಯದು. ಹೋಟೆಲಿನ ನಕ್ಷತ್ರವೂ ಹಾಗೆಯೇ. ವಾಹನ ನಿಲುಗಡೆ, ಹವಾನಿಯಂತ್ರಣ, ಶೌಚಾಲಯ, ಕುರ್ಚಿಯ ಮೆತ್ತೆ ಇವೆಲ್ಲವನ್ನೂ ಸಾಂಬಾರಿನೊಡನೆ ಕಲಸಿ ಕೊಟ್ಟ ಸರಾಸರಿ ಅದು. ಸಾಂಬಾರು ಹೇಗಿದೆ ಎಂದು ಅದು ಹೇಳುವುದಿಲ್ಲ. ಇನ್ನು ಪರೀಕ್ಷಕರು ಯಾರು? ಒಮ್ಮೆ ಹಾದುಹೋಗಿ ಮತ್ತೆಂದೂ ಬಾರದವರು. ಇಪ್ಪತ್ತು ವರ್ಷಗಳಿಂದ ದಿನವೂ ಅಲ್ಲಿಯೇ ಇಡ್ಲಿ ತಿನ್ನುವ ಆಟೋ ಚಾಲಕ ಎಂದೂ ಅಂಕ ಹಾಕಿದವನಲ್ಲ. ಅವನ ಅಂಕ ಅವನ ಹಾಜರಿಯಲ್ಲಿದೆ.

ಇದನ್ನು ನಾನು ಕಲಿತದ್ದು ಹಳೆ ಮದರಾಸು ರಸ್ತೆಯಲ್ಲಿಯೇ. ಹಲಸೂರಿನಿಂದ ಕೆ.ಆರ್. ಪುರದ ಕಡೆಗಿದ್ದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಆಗ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆ ನಡೆಯುತ್ತಿತ್ತು; ಮುಂದೆ ದೂರವಾಣಿನಗರದಲ್ಲಿ ಐ.ಟಿ.ಐ. ಇತ್ತು. ಬೆಳಗಿನ ಪಾಳಿಯವರು ಏಳಕ್ಕೆ ಮುಂಚೆ ತಿಂದು ಗೇಟಿನೊಳಗೆ ಹೋಗಬೇಕು. ಆದ್ದರಿಂದ ಶಾಲೆಯ ಹತ್ತಿರದ ಎಂಟು ಬೆಂಚಿನ ಹೋಟೆಲಿನಲ್ಲಿ ಆರು ಗಂಟೆಗೇ ಇಡ್ಲಿಯ ಹಬೆ ಏಳುತ್ತಿತ್ತು, ಒಂಬತ್ತಕ್ಕೆ ಮುಗಿಯುತ್ತಿತ್ತು. ಗಲ್ಲಾದ ಮೇಲಿನ ಯಜಮಾನರು "ಮುಗೀತು ಮೇಷ್ಟ್ರೇ, ನಾಳೆ ಬನ್ನಿ" ಎಂದು ಲಜ್ಜೆಯಿಲ್ಲದೆ ಹೇಳುತ್ತಿದ್ದರು. ಒಂದು ದಿನ ಚಟ್ನಿ ಹಳಸಿದರೆ ಮರುದಿನ ಇಡೀ ಪಾಳಿಯೇ ಬೇರೆ ಹೋಟೆಲಿಗೆ ಹೋದೀತೆಂಬ ಭಯ ಅವರಿಗಿತ್ತು. ಹೆದ್ದಾರಿಯ ಭವನಕ್ಕೆ ಆ ಭಯವಿಲ್ಲ. ಇಂದಿನ ಗಿರಾಕಿ ನಾಳೆ ಬರುವವನೇ ಅಲ್ಲ.

ಈಗ ನೋವಿನ ಸಂಗತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆ.ಆರ್. ಪುರದ ಆಚೆ ಪುಟ್ಟ ಹೋಟೆಲು ನಡೆಸುತ್ತಾನೆ. ಬೆಳಿಗ್ಗೆ ಇಡ್ಲಿ, ಖಾಲಿ ದೋಸೆ. ಮಧ್ಯಾಹ್ನ ಮುದ್ದೆ, ಬಸ್ಸಾರು. ಚಳಿಗಾಲದಲ್ಲಿ ಅವರೆಕಾಳಿನ ಸಾರು. ಅವನಿಗೆ ಬಂದ ಒಂದು ನಕ್ಷತ್ರದ ಟೀಕೆಗಳನ್ನು ಅವನೇ ನನಗೆ ಓದಿ ಹೇಳಿದ: ಕಾರು ನಿಲ್ಲಿಸಲು ಸ್ಥಳವಿಲ್ಲ, ನಾಲ್ಕೇ ಪದಾರ್ಥ, ಎರಡು ಗಂಟೆಗೆ ಊಟ ಮುಗಿದಿತ್ತು. "ಮೇಷ್ಟ್ರೇ, ಸಾರು ಹೇಗಿತ್ತು ಅಂತ ಒಬ್ಬರೂ ಬರೆದಿಲ್ಲ" ಎಂದ. ಕಳೆದ ವರ್ಷ ಅವನು ಗೋಬಿ ಮಂಚೂರಿಯನ್ನೂ ನೂಡಲ್ಸನ್ನೂ ಸೇರಿಸಿದ. ಅಡುಗೆಯವರ ಕೈ ಅತ್ತ ತಿರುಗಿದ ಮೇಲೆ ಬಸ್ಸಾರು ವಾರಕ್ಕೆ ಎರಡು ದಿನಕ್ಕಿಳಿಯಿತು. ನಕ್ಷತ್ರ ಏರಿತು. ಊರಿನ ಊಟ ಕೆಡುವುದು ಹೀಗೆ, ಯಾರೂ ಕೇಡು ಬಯಸದೆಯೇ.

ಇದಕ್ಕೆ ಮಗನ ಉತ್ತರವೂ ಇತ್ತು. ಅದನ್ನು ಮರೆಮಾಡುವುದು ನ್ಯಾಯವಲ್ಲ. "ಮಗು ಇದೆ, ಶುಚಿ ಮುಖ್ಯ. ಹೆಂಗಸರಿಗೆ ಟಾಯ್ಲೆಟ್ ಬೇಕು. ಇಷ್ಟು ದೊಡ್ಡ ಗಾಡಿ ಪೇಟೆಯೊಳಗೆ ಹೋಗಲ್ಲ" ಎಂದ. ಮೂರೂ ನಿಜ. ನನ್ನ ಹೆಂಡತಿ ಬಸ್ಸಿನ ದಿನಗಳಲ್ಲಿ ನೀರು ಕುಡಿಯದೆ ಪ್ರಯಾಣ ಮಾಡಿದ್ದನ್ನು ನಾನು ಮರೆತಿಲ್ಲ. ಹಳೆಯದೆಲ್ಲ ಒಳ್ಳೆಯದೆಂದೂ ಹೇಳುತ್ತಿಲ್ಲ. ಕೊಳಕು ಹೋಟೆಲುಗಳು ಆಗಲೂ ಇದ್ದವು. ಆದರೆ ಕ್ಯಾರವಾನಿನ ಪ್ರವಾಸಿಗೆ ಈ ನೆಪಗಳು ಎಲ್ಲರಿಗಿಂತ ಕಡಿಮೆ ಸಲ್ಲುತ್ತವೆ. ಶೌಚಾಲಯ, ನೀರು, ಹಾಸಿಗೆ ಎಲ್ಲವನ್ನೂ ಅವನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದಾನೆ. ಊರಿನಿಂದ ಅವನಿಗೆ ಬೇಕಾದದ್ದು ಊಟವೊಂದೇ. ಗಾಡಿಯನ್ನು ಊರಾಚೆ ನಿಲ್ಲಿಸಿ ಅರ್ಧ ಮೈಲಿ ನಡೆಯಬಾರದೆ? ಹೋಟೆಲು ಕೋಣೆಯವನಿಗಿಲ್ಲದ ಇನ್ನೊಂದು ಅನುಕೂಲವೂ ಅವನಿಗುಂಟು: ಊರಿನ ಹೊತ್ತಿಗೆ ತಾನು ಏಳಬಹುದು. ಭಾನುವಾರ ಬೆಳಗಿನ ಜಾವ ಹೊಸಕೋಟೆಯ ದಮ್ ಬಿರಿಯಾನಿಗಾಗಿ ಬೆಂಗಳೂರಿನಿಂದ ನಿದ್ದೆಗೆಟ್ಟು ಓಡಿಬಂದು ಸಾಲು ನಿಲ್ಲುವವರಿದ್ದಾರೆ. ಹತ್ತಿರದಲ್ಲಿಯೇ ಮಲಗಿದವನು ಮುಖ ತೊಳೆದು ನಡೆದುಹೋದರೆ ಸಾಕು.

ಹೆದ್ದಾರಿಗಳು ಹೇಗಿದ್ದರೂ ಊರುಗಳನ್ನು ಬಿಟ್ಟು ಓಡುತ್ತಿವೆ. ಹೊಸಕೋಟೆಯಿಂದ ಬೇತಮಂಗಲದತ್ತ ಹೋಗುವ ಎಕ್ಸ್‌ಪ್ರೆಸ್‌ವೇ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಅದರಲ್ಲಿ ಹೋದವನಿಗೆ ಕೋಲಾರವೂ ಇಲ್ಲ, ಮುಳಬಾಗಿಲೂ ಇಲ್ಲ. ರಸ್ತೆಯೇ ಊರನ್ನು ಬಿಟ್ಟಾಗ ಇಳಿದು ಊರಿಗೆ ಹೋಗುವ ಹೊಣೆ ಪ್ರವಾಸಿಯ ಮೇಲೆ ಬೀಳುತ್ತದೆ.

ಹಾಗಾದರೆ ಹುಡುಕುವುದು ಹೇಗೆ? ನನ್ನ ಪಾಠ ಚಿಕ್ಕದು. "ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಎಂದು ಕೇಳಬೇಡಿ. ಹಾಗೆ ಕೇಳಿದರೆ ನಿಮ್ಮ ಗಾಡಿಯನ್ನೂ ಬಟ್ಟೆಯನ್ನೂ ನೋಡಿ, ನಿಮಗೆ ತಕ್ಕದ್ದೆಂದು ತೋರಿದ ದುಬಾರಿ ಜಾಗವನ್ನು ತೋರಿಸುತ್ತಾರೆ. "ಬೆಳಿಗ್ಗೆ ನೀವು ಎಲ್ಲಿ ತಿಂದಿರಿ?" ಎಂದು ಕೇಳಿ. ಆಟೋ ನಿಲ್ದಾಣದಲ್ಲಿ, ಸಂತೆಯಲ್ಲಿ, ತಾಲ್ಲೂಕು ಕಚೇರಿಯ ಮುಂದೆ ಕೇಳಿ. ಹಲಗೆಯ ಮೇಲೆ ಐದಾರು ಹೆಸರು ಮಾತ್ರವಿದ್ದರೆ ಒಳಗೆ ಹೋಗಿ. ಮಾಡಿದ್ದು ಅಂದೇ ಖರ್ಚಾಗುತ್ತದೆ ಎಂದರ್ಥ. "ಮುಗೀತು" ಎಂಬ ಮಾತು ಕೇಳಿದರೆ ಸಂತೋಷಪಡಿ, ಮರುದಿನ ಬೇಗ ಹೋಗಿ. ಶುಚಿಯ ಚಿಂತೆಯಿದ್ದರೆ ಕಣ್ಣೆದುರಿಗೆ ಹಬೆಯಿಂದ, ಕಾವಲಿಯಿಂದ ಬಂದದ್ದನ್ನು ತಿನ್ನಿ; ನೀರು ನಿಮ್ಮದೇ ಇರಲಿ.

ಬೆಂಗಳೂರಿನೊಳಗೂ ಇದೇ ಮಾತು. ಕ್ಯಾರವಾನು ಶಿವಾಜಿನಗರದ ಗಲ್ಲಿಗಳಿಗೆ ಹೋಗದು. ಬೈಯಪ್ಪನಹಳ್ಳಿಯ ಆಚೆ ಎಲ್ಲಾದರೂ ಬಿಟ್ಟು ಮೆಟ್ರೋ ಹತ್ತಿ. 1809ರಲ್ಲಿ ಕಂಟೋನ್ಮೆಂಟು ನೆಲೆಗೊಂಡಾಗ ದಂಡಿನ ಹಿಂದೆ ಬಂದವರು ತಮಿಳರು, ದಖನಿ ಮುಸ್ಲಿಮರು, ಇನ್ನೂ ಹಲವರು. ಶಿವಾಜಿನಗರದ ಸಂಜೆಯ ಕಬಾಬು, ಹಲಸೂರಿನ ಮೆಸ್ಸಿನ ಊಟ, 1902ರಿಂದ ಫ್ರೇಜರ್ ಟೌನಿನಲ್ಲಿರುವ ಆಲ್ಬರ್ಟ್ ಬೇಕರಿಯ ಖೋವಾ ನಾನ್ ಎಲ್ಲವೂ ಊರು ಬಿಟ್ಟು ಬಂದವರು ನಮ್ಮೂರಿಗೆ ಕೊಟ್ಟ ತಿನಿಸುಗಳು. ಪರಸ್ಥಳದವನಿಗೆ ಉಣಬಡಿಸುವುದನ್ನು ಈ ಬೀದಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಂದವನು ಬಾಯಿ ಬಿಟ್ಟು ಕೇಳಬೇಕು, ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಹಟ ಹಿಡಿದೆ. ಗಾಡಿಯನ್ನು ಮುಳಬಾಗಿಲಿನ ಹೊರಗೆ ನಿಲ್ಲಿಸಿ ನಡೆದೆವು. ಆಟೋದವರೊಬ್ಬರನ್ನು ಕೇಳಿದ್ದಕ್ಕೆ, "ಬನ್ನಿ ಸಾರ್, ನಾನೂ ಅಲ್ಲಿಗೇ ಹೊರಟಿದ್ದೆ" ಎಂದರು. ಅಂಚು ಗರಿಗರಿ, ಒಳಗೆ ಮೆತ್ತಗೆ, ಕೆಂಪು ಚಟ್ನಿ ಬಳಿದ ದಪ್ಪ ದೋಸೆ ಬಂತು. ಇಪ್ಪತ್ತು ನಿಮಿಷ ನಿಂತೇ ಕಾದೆವು, ಬೆಂಚು ಅಲ್ಲಾಡುತ್ತಿತ್ತು. ಮೊಮ್ಮಗಳು ಏನೂ ಹೇಳದೆ ಎರಡನೆಯದನ್ನು ಕೇಳಿದಳು. ಮಗ ಅಲ್ಲಿಯೇ ಫೋನು ತೆಗೆದು ಐದು ನಕ್ಷತ್ರ ಕೊಡಲು ಹೊರಟ. "ಬೇಡ, ಇನ್ನೊಂದು ಸಲ ಬಂದು ತಿಂದು ಆಮೇಲೆ ಕೊಡು" ಎಂದೆ.

"ದೇಶ ಸುತ್ತು, ಕೋಶ ಓದು" ಎಂದರು ಹಿರಿಯರು. ಫೋನು ನೋಡುತ್ತ ಸುತ್ತುವವರಿಗೆ ಎರಡೂ ದಕ್ಕುತ್ತಿಲ್ಲವೇನೋ ಎಂಬುದು ನನ್ನ ಅಳಲು. ಓದುಗ ಮಿತ್ರರೇ, ನನ್ನದು ಮುದುಕನ ಹಟವೆನಿಸಿದರೆ ಹಾಗೆಂದೇ ಬರೆಯಿರಿ. ಆದರೆ ಅದಕ್ಕೂ ಮೊದಲು, ನೀವು ಈಚೆಗೆ ಕೆಳಗಿಳಿಸಿದ ಯಾವುದಾದರೂ ಪುಟ್ಟ ಹೋಟೆಲಿಗೆ ಇನ್ನೊಮ್ಮೆ ಹೋಗಿ, ಅದರ ಸಾರಿಗೆ ಮಾತ್ರ ಅಂಕ ಹಾಕಿ ನೋಡಿ.